ಎಂದೂ ಕೇಳದ ಧ್ವನಿ

ದೆವ್ವ ಮೈಮೇಲೆ ಬರುವುದನ್ನೆಲ್ಲ ನಾನು ನಂಬುತ್ತಿರಲಿಲ್ಲ. ಬಂದವರ ಹಾಗೆ ಕುಣಿದು ತೋರಿಸಿ ನಗಿಸುತ್ತಿದ್ದೆ, ಅಷ್ಟೇ. ಜಮಖಂಡಿಯಲ್ಲಿ ಸಮುದಾಯ ನರ್ಸ್ ತರಬೇತಿಗಿದ್ದಾಗ ನಕಲು ಮಾಡುವ ನನ್ನ ನಾಲಿಗೆಯಿಂದ ಯಾರೂ ಪಾರಾಗಲಿಲ್ಲ: ಪಾಠದ ಮೇಡಂ, ಅಡುಗೆಯವರು, ಗಂಡಸಾಗಿಯೂ ಸೂಜಿ ಕಂಡರೆ ಬೆವರುತ್ತಿದ್ದ ಸ್ವತಃ ನಾನು.

ತರಬೇತಿ ಮುಗಿದ ಮೇಲೆ ನನ್ನನ್ನೂ ಬನಹಟ್ಟಿಯ ಮಗ್ಗದ ಮನೆಯ ಕಸ್ತೂರಿಯನ್ನೂ ಸಮೀರವಾಡಿ ಕಡೆಯ ಒಂದು ಹಳ್ಳಿಗೆ ಹಾಕಿದರು. ಅಲ್ಲಿನ ಉಪಕೇಂದ್ರ ನರ್ಸ್ ಇಲ್ಲದೆ ವರ್ಷಗಟ್ಟಲೆ ಮುಚ್ಚಿತ್ತು. ಬೀಗ ತೆಗೆದವರು ನಾವೇ.

ಒಂದು ಮಧ್ಯಾಹ್ನ ಕಬ್ಬಿನ ಹೊಲದಲ್ಲಿ ಆ ಊರಿನ ರತ್ನವ್ವನಿಗೆ ಹಾವು ಕಚ್ಚಿತು. ನಾವು ಓಡಿಹೋದಾಗ ಗಂಡಸರು ಕಾಲಿಗೆ ಹಗ್ಗ ಬಿಗಿಯಲು ಹೊರಟಿದ್ದರು; ಒಬ್ಬನ ಕೈಯಲ್ಲಿ ಗಾಯ ಕೊಯ್ಯಲು ಬ್ಲೇಡು. ಎರಡೂ ಕೂಡದೆಂದು ನಾವು ಕಲಿತಿದ್ದೆವು. ಅವಳ ರೆಪ್ಪೆಗಳು ಜೋತುಬೀಳುತ್ತಿದ್ದವು. ಬೇಗ ಮುಧೋಳದ ಆಸ್ಪತ್ರೆ ಮುಟ್ಟಿಸದಿದ್ದರೆ ಉಳಿಯುವುದಿಲ್ಲ. "ಬಿಡ್ರಿ, ಬಿಡ್ರಿ" ಎಂದೆ.

"ಏ, ಸರಿಯಲೇ! ಇಲ್ಲೂ ಚ್ಯಾಷ್ಟಿ ಮಾಡಾಕ ಬಂದಿಯೇನ?" ಎಂದ ಅವಳ ಮೈದುನ.

ಮತ್ತೆ ಬಾಯಿ ತೆರೆದೆ. ಬಂದದ್ದು ವಯಸ್ಸಾದ ಹೆಂಗಸಿನ ಗಡಸು ಧ್ವನಿ. "ಹಗ್ಗ ಬಿಸಾಡಿ! ಹೆದರಬೇಡ ಮಾರಾಯ್ತಿ, ಕಾಲು ಅಲ್ಲಾಡಿಸಬೇಡ."

ಎಲ್ಲರ ಕೈಗಳು ನಿಂತವು. ರತ್ನವ್ವನ ಅತ್ತೆ ಸೆರಗು ಎಳೆದುಕೊಂಡು ಕೈಮುಗಿದಳು. "ನಮ್ಮ ಹಳೇ ನರ್ಸಬಾಯಾರು! ಅವರು ಹೇಳ್ದಂಗ ಕೇಳ್ರೋ!"

ಕಸ್ತೂರಿ ಕಾಯಲಿಲ್ಲ. ಕಬ್ಬಿನ ಜಲ್ಲೆಯ ಆಸರೆ ಕೊಟ್ಟು ಕಾಲು ಅಲುಗದಂತೆ ಕಟ್ಟಿದಳು. ಆಸ್ಪತ್ರೆಗೆ ಒಯ್ಯುತ್ತಿದ್ದ ಜೀಪಿನಲ್ಲಿ ಅವಳ ಉಸಿರು ನಿಂತಾಗ ಮುಖಕ್ಕೆ ರಬ್ಬರ್ ಚೀಲ ಹಿಡಿದು, ಒತ್ತಿ ಒತ್ತಿ ಮುಧೋಳದವರೆಗೆ ಉಸಿರು ಕೊಟ್ಟವರು ನಾವಿಬ್ಬರೇ. ಅದರಲ್ಲಿ ಯಾವ ದೆವ್ವದ ಪಾಲೂ ಇಲ್ಲ, ಎಲ್ಲ ನಾವು ಕಲಿತದ್ದು. ಹೇಳುವಾಗ ಈಗಲೂ ಎದೆ ಉಬ್ಬುತ್ತದೆ. ರತ್ನವ್ವ ತನ್ನ ಕಾಲ ಮೇಲೆಯೇ ಊರಿಗೆ ಮರಳಿದಳು.

ಆಮೇಲೆ ಅವಳ ಅತ್ತೆ ಹೇಳಿದಳು: ಹಿಂದೆ ಅಲ್ಲಿದ್ದ ನರ್ಸ್ ಮಂಗಳೂರು ಕಡೆಯವರು. ಅರ್ಧ ಊರಿನ ಹೆರಿಗೆ ಮಾಡಿಸಿದವರು ಅವರೇ. ಕಂಡವರಿಗೆಲ್ಲ "ಮಾರಾಯ್ತಿ" ಎನ್ನುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಯಾರೂ ಬರಲಿಲ್ಲ. ನಾನಾಗ ಬೀಳಗಿಯಲ್ಲಿ ಚಡ್ಡಿ ಜಾರುವ ಹುಡುಗ; ಅವರನ್ನು ಕಂಡಿಲ್ಲ, ಕೇಳಿಲ್ಲ.

ಕಸ್ತೂರಿಯನ್ನು ಕೇಳಿದರೆ, "ನಂಗೇನ ಗೊತ್ತಪಾ? ಯಾರರ ಮಾತಾಡ್ಲಿ, ಖರೆ ಮಾತಾಡಿದ್ರು" ಎನ್ನುತ್ತಾಳೆ.

ಬಾಗಿಲು ಹಾಕಿಕೊಂಡು ಎಷ್ಟೋ ಸಲ ಯತ್ನಿಸಿದ್ದೇನೆ. ಆ ಧ್ವನಿ ಬರುವುದಿಲ್ಲ. ರತ್ನವ್ವನ ಅತ್ತೆ ಬಿಪಿ ತೋರಿಸಲು ಬಂದಾಗಲೆಲ್ಲ, "ಒಂದ ಸಲ ಬಾಯಾರಂಗ ಮಾತಾಡೋ ತಮ್ಮಾ" ಎನ್ನುತ್ತಾಳೆ. ಯಾರೂ ಕೇಳದಿದ್ದರೂ ನಕಲು ಮಾಡಿ ತೋರಿಸುವವನು ನಾನು. ಅವಳ ಮುಂದೆ ಮಾತ್ರ ನಕಲು ಬಿಟ್ಟು ತೋಳಿಗೆ ಬಿಪಿ ಪಟ್ಟಿ ಸುತ್ತುತ್ತೇನೆ.