ಅರ್ಧ ಅಧ್ಯಕ್ಷರ ಜೊತೆ ಯುಗಾದಿ

ಹಬ್ಬಕ್ಕೆ ಮೂರು ವಾರ ಇರುವಾಗ ನಾನು ಒಂದು ಹಾಲ್ ಕಳೆದುಕೊಂಡೆ.

ಕೊಡೆಯಲ್ಲ, ಕನ್ನಡಕವಲ್ಲ. ಇನ್ನೂರು ಜನ ಕೂತು ಊಟ ಮಾಡುವಂಥ, ಸ್ಟೇಜು, ಕಿಚನ್ನು, ಕಾರ್ ಪಾರ್ಕು ಎಲ್ಲ ಇರುವ, ಲಂಡನ್ನಿನ ಕಿಂಗ್ಸ್‌ಬರಿಯ ಹಾಲ್. ನಮ್ಮ ಕನ್ನಡ ಸಂಘದ ಯುಗಾದಿ ಪ್ರತಿವರ್ಷ ಅಲ್ಲೇ. ಡಿಸೆಂಬರಿನಲ್ಲೇ ಬುಕ್ ಮಾಡಿದ್ದೆ. ಆಮೇಲೆ ಅವರಿಂದ ಒಂದು ಈಮೇಲ್ ಬಂತು, ದಯವಿಟ್ಟು ಕನ್ಫರ್ಮ್ ಮಾಡಿ ಅಂತ. ನೋಡಿದೆ. ನಾಳೆ ಮಾಡೋಣ ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಬೀಗದ ಕೈ ವಿಚಾರಿಸೋಣ ಅಂತ ಫೋನ್ ಮಾಡಿದರೆ ಹಾಲಿನ ಮ್ಯಾನೇಜರ್ ಮೇಡಂ ತಣ್ಣಗೆ ಹೇಳಿದರು, "ನಿಮ್ಮ ಉತ್ತರ ಬರಲಿಲ್ಲ. ಆ ಶನಿವಾರ ಬೇರೆಯವರಿಗೆ ಕೊಟ್ಟಾಗಿದೆ."

(ನನ್ನ ಉದ್ಯೋಗ ಏನು ಗೊತ್ತೇ? ಏರ್‌ಪೋರ್ಟಿನಲ್ಲಿ ಪ್ರಯಾಣಿಕರ ಕಳೆದುಹೋದ ಸೂಟ್‌ಕೇಸ್ ಹುಡುಕಿಕೊಡುವುದು. ನಗಬೇಡಿ.)

ನಾನು ಸಂಘದ ಅಧ್ಯಕ್ಷ. ನಾಲ್ಕನೇ ಅವಧಿ, ಪ್ರತಿ ಸಲವೂ ಅವಿರೋಧ ಆಯ್ಕೆ. ಅಧ್ಯಕ್ಷಗಿರಿ ಅಂದರೆ ಏನು ಮಹಾ ಅನ್ನಬೇಡಿ. ವರ್ಷಕ್ಕೆ ಮೂರು ಸಲ ಮೈಸೂರು ಪೇಟ ಸುತ್ತಿಕೊಂಡು ದೀಪ ಹಚ್ಚುವ ಸುಖ ಅನುಭವಿಸಿದವನಿಗೇ ಗೊತ್ತು. ಈ ಸುದ್ದಿ ಹೊರಗೆ ಬಿದ್ದರೆ ಆ ಕುರ್ಚಿ ಗೋತಾ. ವಾಟ್ಸಾಪ್ ಗ್ರೂಪಿನಲ್ಲಿ ಮಕ್ಕಳ ಡ್ಯಾನ್ಸ್ ರಿಹರ್ಸಲ್ ವಿಡಿಯೋಗಳು ಬರುತ್ತಿವೆ, ಹೋಳಿಗೆ ತಟ್ಟುವವರ ಪಟ್ಟಿ ರೆಡಿಯಾಗಿದೆ. ಹಾಲ್ ಒಂದು ಇಲ್ಲ.

ಹೆಂಡತಿಗೂ ಹೇಳಲಿಲ್ಲ. ಗಿರಿಜಾ ಧಾರವಾಡದವಳು, ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರ್. ದಿನವಿಡೀ ಜನರನ್ನು ಮಲಗಿಸುತ್ತಾಳೆ, ಮನೆಗೆ ಬಂದು ನನ್ನನ್ನು ಎಬ್ಬಿಸುತ್ತಾಳೆ. ಅವಳ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಇನ್ನೊಂದು ಹಾಲ್ ಕಟ್ಟಿಸುವುದೇ ಸುಲಭ ಅನ್ನಿಸಿತು.

ಅಷ್ಟಕ್ಕೂ ನಮ್ಮ ಹಾಲ್ ಸಿಕ್ಕಿದ್ದು ಯಾರಿಗೆ? ಸಿರಿಯಾ ಕಡೆಯ ಕುರ್ದರ ಒಂದು ಸಂಘಕ್ಕೆ. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಅವರ ಹೊಸ ವರ್ಷ, ನವ್ರೋಜ್. ಹೋಗಿ ಕೈಮುಗಿದು ಕೇಳೋಣ ಅಂತ ನಿರ್ಧರಿಸಿದೆ. ಮ್ಯಾನೇಜರ್ ಮೇಡಂ ಆ ಸಂಘದವರ ಒಪ್ಪಿಗೆ ಕೇಳಿ ನನಗೆ ವಿಳಾಸ ಕೊಟ್ಟರು. ನೋಡಿದರೆ ಅದು ಕೆಂಟನ್‌ನಲ್ಲಿ ನಾನು ಮೂರು ವರ್ಷದಿಂದ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಿಕೊಳ್ಳುತ್ತಿರುವ ಆಲ್ಟರೇಶನ್ ಅಂಗಡಿ.

ಒಳಗೆ ದಪ್ಪ ಮೀಸೆಯ ಗಂಡಸೊಬ್ಬರು ಬಸ್ ಡ್ರೈವರ್ ಯೂನಿಫಾರ್ಮಿನಲ್ಲಿ ಟೀ ಕುಡಿಯುತ್ತ ಕೂತಿದ್ದರು. ನನ್ನ ಪ್ಯಾಂಟು ಹೊಲಿಯುವ ಹೆಂಗಸು ಎಂದಿನಂತೆ ಮೂಲೆಯಲ್ಲಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಮಿಷಿನ್ನಿನ ಮುಂದೆ. ನಾನು ಸೀದಾ ಗಂಡಸಿನ ಕೈಕುಲುಕಿ, ಕುರ್ಚಿ ಎಳೆದುಕೊಂಡು, ಹತ್ತು ನಿಮಿಷ ನನ್ನ ಗೋಳು ತೋಡಿಕೊಂಡೆ. ಮಕ್ಕಳ ಡ್ಯಾನ್ಸು, ಹೋಳಿಗೆ, ಮಾನ, ಮರ್ಯಾದೆ ಎಲ್ಲ. ಹಾಲನ್ನು ಹಂಚಿಕೊಳ್ಳೋಣವೇ ಅಂತ ಕೇಳಿದೆ. ಕೊನೆಗೆ, "ನೀವೇ ತಾನೇ ಅಧ್ಯಕ್ಷರು?" ಅಂದೆ.

"ಅರ್ಧ," ಅಂದರು.

"ಉಳಿದರ್ಧ?"

ಅವರು ಮೂಲೆಯ ಕಡೆ ಕತ್ತು ತಿರುಗಿಸಿದರು. ಹೆಂಗಸು ಬಾಯಿಂದ ಒಂದೊಂದೇ ಗುಂಡುಸೂಜಿ ತೆಗೆದು ದಿಂಬಿಗೆ ಚುಚ್ಚಿದರು. "ಎಲ್ಲ ಕೇಳಿಸಿತು. ಆದರೂ ಮೊದಲಿನಿಂದ ಹೇಳಿ. ಈ ಸಲ ನನಗೆ," ಅಂದರು.

ಡ್ರೈವರ್ ಹೆಸರು ಆಜಾದ್. ಹೆಂಗಸಿನ ಹೆಸರು ಬೆರಿವಾನ್. ನನ್ನ ಸೊಂಟದ ಅಳತೆ ಅವರಿಗೆ ಮೂರು ವರ್ಷದಿಂದ ಬಾಯಿಪಾಠ, ಅವರ ಹೆಸರು ಮಾತ್ರ ನಾನು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಮೊದಲಿನಿಂದ ಹೇಳಿದೆ.

ಸಿರಿಯಾದ ಅಂತರ್ಯುದ್ಧ ನಿಮಗೆ ನೆನಪಿರಬೇಕು. ಬಂದೂಕು ಹೆಗಲಿಗೇರಿಸಿ, ಹೂವಿನ ಸ್ಕಾರ್ಫ್ ಕಟ್ಟಿಕೊಂಡ ಕುರ್ದ್ ಹುಡುಗಿಯರ ಫೋಟೋಗಳು ಬರುತ್ತಿದ್ದವಲ್ಲ? ನೋಡಿದೆವು, ಲೈಕ್ ಒತ್ತಿದೆವು, ಮರೆತೆವು. ಆ ಹುಡುಗಿಯರಲ್ಲೊಬ್ಬಳು ಕೆಂಟನ್‌ನಲ್ಲಿ ನನ್ನ ಪ್ಯಾಂಟು ಹೊಲಿಯುತ್ತಿದ್ದಾಳೆ ಅಂತ ಯಾರಿಗೆ ಗೊತ್ತಿತ್ತು?

ಬೆರಿವಾನ್ ಹೇಳಿದ್ದು ಇಷ್ಟು. ಯುದ್ಧ ಶುರುವಾಗಿ ಅವರ ಊರಿನಿಂದ ಸರ್ಕಾರದ ಸೈನ್ಯ ಎದ್ದುಹೋಯಿತು. ಪೊಲೀಸಿಲ್ಲ, ಕಚೇರಿಯಿಲ್ಲ, ಕಸ ಎತ್ತುವವರಿಲ್ಲ. ಕುರ್ದರು ತಮ್ಮದೇ ಪಡೆ ಕಟ್ಟಿಕೊಂಡರು, ಗಂಡಸರದ್ದು ಬೇರೆ, ಹೆಂಗಸರದ್ದು ಬೇರೆ. ಊರನ್ನೂ ತಾವೇ ನಡೆಸತೊಡಗಿದರು. ಬೀದಿಗೊಂದು ಸಭೆ. ಬೀದಿಯ ಸಭೆಯಿಂದ ಹಿಡಿದು ಮೇಲಿನವರೆಗೆ ಯಾವ ಹುದ್ದೆಗಾದರೂ ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರೂ ಒಪ್ಪದೆ ಯಾವ ಕಾಗದವೂ ಕದಲುವಂತಿಲ್ಲ. ಲಂಡನ್ನಿಗೆ ಬಂದರೂ ಅವರ ಸಂಘದಲ್ಲಿ ಅದೇ ಪದ್ಧತಿ.

"ಸರಿ, ನಿಮ್ಮಿಬ್ಬರ ಸಹಿ ಹಾಕಿ. ನಾನೂ ಹಾಕುತ್ತೇನೆ," ಅಂದೆ, ಪೆನ್ನು ತೆಗೆದು.

"ನಿಮ್ಮ ಇನ್ನೊಬ್ಬರು ಎಲ್ಲಿ?" ಅಂದರು ಬೆರಿವಾನ್.

"ಇನ್ನೊಬ್ಬರಿಲ್ಲ. ನಾನೊಬ್ಬನೇ."

ಇಬ್ಬರೂ ಮುಖಮುಖ ನೋಡಿಕೊಂಡರು. ಪಾಪ ಅನ್ನುವ ನೋಟ ಅದು. "ಒಬ್ಬರ ಜೊತೆ ಒಪ್ಪಂದ ಮಾಡಿಕೊಂಡು ನಮಗೆ ರೂಢಿಯಿಲ್ಲ," ಅಂದರು ಬೆರಿವಾನ್. "ನಿಮ್ಮ ಕಡೆಯಿಂದಲೂ ಒಬ್ಬ ಹೆಂಗಸು ಬರಲಿ. ತೋರಿಸಿದ ಕಡೆ ಸಹಿ ಹಾಕುವವಳು ಬೇಡ. ಬೇಕಾದರೆ ಆಗೋದಿಲ್ಲ ಅನ್ನುವವಳನ್ನು ಕರೆತನ್ನಿ."

ಅಂಥವಳು ಮನೆಯಲ್ಲೇ ಇದ್ದಾಳೆ. ನನ್ನ ತೊಂದರೆಯೇ ಅದಲ್ಲವೇ?

ಸಂಜೆ ಊಟದ ಟೇಬಲ್ಲಿನಲ್ಲಿ ಎಲ್ಲ ಕಕ್ಕಿದೆ. ಗಿರಿಜಾ ಚಪಾತಿ ಕೆಳಗಿಟ್ಟಳು.

"ಹಾಲ್ ಹೋಗೇತೇನು? ಇಷ್ಟ?"

"ಇಷ್ಟ ಅಂದ್ರೆ? ಇನ್ನೂರು ಜನ ಕಣೇ."

"ಅಲ್ರೀ, ನಾಲ್ಕು ದಿನದಿಂದ ಫೋನ್ ಬಂದ ಕೂಡಲೇ ಗಾರ್ಡನ್ನಿಗೆ ಓಡಿ ಹೊಂಟೀರಿ. ನಾ ಏನೋ ಬ್ಯಾರೆ ತಿಳಕೊಂಡಿದ್ದೆ." ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹದಿನೈದು ವರ್ಷದ ಮಗಳು ಅನಘಾ ಕನ್ನಡ ಪೂರ್ತಿ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು. "ಅಪ್ಪಾ, ದಟ್ಸ್ ಸೋ ಯೂ," ಅಂದಳು. ನನ್ನ ಮನೆಯಲ್ಲಿ ನನಗೆ ಸಿಗುವ ಬೆಂಬಲ ಈ ಮಟ್ಟದ್ದು.

"ಸಹಿ ಮಾಡಾಕ ಬರ್ತೀನಿ," ಅಂದಳು ಗಿರಿಜಾ. "ಆದ್ರ ಓದಿ ಮಾಡ್ತೀನಿ."

ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋದೆವು. ಹೆಂಗಸರಿಬ್ಬರೂ ಟೀ ಮಾಡುತ್ತ ಮಾತಿಗೆ ಬೀಳುವಷ್ಟರಲ್ಲಿ ಆಜಾದ್ ಮತ್ತು ನಾನು ಕೆಲಸ ಮುಗಿಸಿಬಿಟ್ಟೆವು. ಐದೇ ನಿಮಿಷ. ಬಿಲ್ ಪುಸ್ತಕದ ಹಿಂದೆ ಆಜಾದ್ ಹಾಲಿನ ನಕ್ಷೆ ಬರೆದು ನಡುವೆ ಒಂದು ಗೆರೆ ಎಳೆದರು. ಅಲ್ಲೊಂದು ಪರದೆ. ಈ ಕಡೆ ನೀವು, ಆ ಕಡೆ ನಾವು. ಕೈಕುಲುಕಿದೆವು. (ಕುರ್ದರ ನೆಲದ ಮೇಲೆ ನಾಲ್ಕು ದೇಶಗಳ ಗಡಿ ಎಳೆದವರೂ ಹೀಗೇ ಟೀ ಬರುವುದನ್ನು ಕಾಯುತ್ತ ಕೂತಿದ್ದರೋ ಏನೋ.)

ಗಿರಿಜಾ ನಕ್ಷೆಯನ್ನು ಬೆಳಕಿಗೆ ಹಿಡಿದಳು. "ಅಡಿಗಿ ಮನಿ ಯಾರ ಕಡೆ ಬಂತು?"

ಅವರ ಕಡೆ ಬಂದಿತ್ತು. ಟಾಯ್ಲೆಟ್‌ಗಳೆಲ್ಲ ನಮ್ಮ ಕಡೆ.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ಬೆರಿವಾನ್ ಟೀ ಲೋಟ ಕೆಳಗಿಟ್ಟು ನಗತೊಡಗಿದರು. ಆಜಾದ್ ಕಡೆ ತಿರುಗಿ ಕುರ್ದಿಶ್‌ನಲ್ಲಿ ಏನೋ ಅಂದರು. ಆ ಮಾತಿಗೆ ಅನುವಾದ ಬೇಕಿರಲಿಲ್ಲ, ನನ್ನ ಹೆಂಡತಿಯೂ ನನಗೆ ಅದೇ ದನಿಯಲ್ಲಿ ಹೇಳುತ್ತಾಳೆ. ಆಜಾದ್ ಸುಮ್ಮನೆ ಹಾಳೆ ಹರಿದರು. ಹೊಸ ಹಾಳೆಯಲ್ಲಿ ಗೆರೆ ಇರಲಿಲ್ಲ. ಬೆಳಿಗ್ಗೆ ನಮ್ಮ ಕಾರ್ಯಕ್ರಮ, ಮಧ್ಯಾಹ್ನ ಎಲ್ಲರ ಊಟ ಒಟ್ಟಿಗೆ, ಆಮೇಲೆ ಅವರದ್ದು. ಯಾರು ಯಾವಾಗ ಬಂದರೂ ಬಾಗಿಲು ತೆರೆದಿರಬೇಕು ಅಂತ ಗಿರಿಜಾ ಸೇರಿಸಿದಳು. ನಾಲ್ಕು ಸಹಿ ಬಿದ್ದವು. ಬೆರಿವಾನ್ ಎದೆಯ ಮೇಲೆ ಕೈಯಿಟ್ಟು "ಸರ್ ಚಾವಾ" ಅಂದರು. ಕಣ್ಣಿಗೊತ್ತಿಕೊಂಡು ನಡೆಸಿಕೊಡುತ್ತೇವೆ ಅನ್ನುವ ಹಾಗಿನ ಮಾತಂತೆ ಅದು.

ಆಮೇಲೆ ಏಳಲು ಮನಸ್ಸೇ ಬರಲಿಲ್ಲ. ಬೆರಿವಾನ್ ಎರಡು ವರ್ಷ ಬಂದೂಕು ಹಿಡಿದವರು. ಕಪ್ಪು ಬಾವುಟದ ಉಗ್ರರ ಜೊತೆಗಿನ ಕಾಳಗದಲ್ಲಿ ಒಡಹುಟ್ಟಿದ ತಮ್ಮ ಸತ್ತ, ಇವರ ಮೊಣಕಾಲಿಗೆ ಏಟು ಬಿತ್ತು. ವಾಪಸ್ ಬಂದಾಗ ಬೀದಿಯವರು ಇವರನ್ನು ಸಭೆಯ ಅರ್ಧ ಅಧ್ಯಕ್ಷೆ ಮಾಡಿದರು. ಇನ್ನರ್ಧ ಒಬ್ಬ ವಯಸ್ಸಾದ ಮೇಷ್ಟ್ರು.

"ಬಂದೂಕೇ ಸುಲಭ," ಅಂದರು. "ಎದುರಿಗಿರೋದು ಯಾರು ಅಂತ ಗೊತ್ತಿರುತ್ತೆ. ಸಭೆಯಲ್ಲಿ ಎದುರಿಗೆ ನಮ್ಮ ಚಿಕ್ಕಮ್ಮನೇ ಇರುತ್ತಿದ್ದಳು."

ಒಂದು ಚಳಿಗಾಲ ಹಿಟ್ಟು ಸಾಕಷ್ಟು ಬರಲಿಲ್ಲವಂತೆ. ಹೋರಾಡುತ್ತಿರುವವರ ಮನೆಗೆ ಮೊದಲು ರೊಟ್ಟಿ ಅಂದರು ಮೇಷ್ಟ್ರು. ಊರು ಬಿಟ್ಟು ಓಡಿಹೋದವನ ಹೆಂಡತಿಗೂ ಹಸಿವಾಗುತ್ತದೆ ಅಂದರು ಇವರು. ಎರಡು ದಿನ ವಾದ. ಮೇಷ್ಟ್ರು ಸಹಿ ಹಾಕಲ್ಲ, ಇವರು ಬಿಡಲ್ಲ. ಕೊನೆಗೆ ಎಲ್ಲರಿಗೂ ಚಿಕ್ಕ ಚಿಕ್ಕ ರೊಟ್ಟಿ ಅಂತ ಇತ್ಯರ್ಥವಾಯಿತು. ಆ ಪುಟ್ಟ ರೊಟ್ಟಿಯ ರುಚಿ ಈಗಲೂ ನೆನಪಿದೆಯಂತೆ.

ಗಿರಿಜಾ ಎಲ್ಲವನ್ನೂ ಹೊಗಳಿ ಎದ್ದುಬರುವವಳಲ್ಲ. "ಎಲ್ಲಾ ಚಂದ ಇತ್ತಾ?" ಅಂತ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟಳು.

"ಇಲ್ಲ," ಅಂದರು ಬೆರಿವಾನ್, ಒಂದು ಕ್ಷಣವೂ ತಡೆಯದೆ. "ವಿರುದ್ಧ ಮಾತಾಡಿದವರನ್ನು ನಮ್ಮವರೂ ಜೈಲಿಗೆ ಹಾಕಿದರು. ತಾಯಂದಿರು ಅಳುತ್ತಿದ್ದರೂ ಮಕ್ಕಳನ್ನು ಪಡೆಗೆ ಎಳೆದರು. ಸಭೆಯಲ್ಲಿ ಎದ್ದು ಜಗಳ ಆಡಿದ್ದೇನೆ. ಕೆಲವು ಸಲ ಕೇಳಿದರು, ಕೆಲವು ಸಲ ಇಲ್ಲ."

ಈಗ ಅಲ್ಲಿ ಹೊಸ ಸರ್ಕಾರ ಬಂದಿದೆ. ಸ್ವಯಂ ಆಡಳಿತದಲ್ಲಿ ಏನು ಉಳಿಯುತ್ತದೆ, ಏನು ಹೋಗುತ್ತದೆ ಅಂತ ಅವರಿಗೂ ಗೊತ್ತಿಲ್ಲ. ಅಕ್ಕನಿಗೆ ದಿನಾ ಫೋನ್ ಮಾಡುತ್ತಾರಂತೆ. "ಕಾಗದ ಬದಲಾಗಬಹುದು. ಆದರೆ ನಮ್ಮಕ್ಕನನ್ನು ಇನ್ನು ಯಾರೂ ಸುಮ್ಮನೆ ಕೂರಿಸಲಾರರು," ಅಂತ ಹೇಳಿ ಇನ್ನೊಂದು ಸುತ್ತು ಟೀ ಬಗ್ಗಿಸಿದರು.

ಹಬ್ಬ ಹೇಗಾಯಿತು ಅಂತೀರಾ? ಇಷ್ಟು ವರ್ಷದಲ್ಲಿ ಇಂಥ ಯುಗಾದಿ ನಾನು ಕಂಡಿರಲಿಲ್ಲ. ಬೇವು ಬೆಲ್ಲದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಒಬ್ಬ ಕುರ್ದ್ ಅಜ್ಜ ಅದನ್ನು ಸೊಪ್ಪಿನ ಸಲಾಡ್ ಅಂದುಕೊಂಡು ಒಂದು ಹಿಡಿ ಬಾಯಿಗೆ ಹಾಕಿಕೊಂಡುಬಿಟ್ಟರು. ಉಗುಳುವಂತಿಲ್ಲ, ನುಂಗುವಂತಿಲ್ಲ. ಆದರೂ ಗಂಭೀರವಾಗಿ ಅಗಿದು ನುಂಗಿ, ಎದೆಯ ಮೇಲೆ ಕೈಯಿಟ್ಟು ವಂದಿಸಿದರು. (ಆಮೇಲೆ ನಾಲ್ಕು ಹೋಳಿಗೆ ತಿಂದರು, ತುಪ್ಪದ ಜೊತೆ.) ನಮ್ಮ ಹೆಂಗಸರು ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ಅವರ ತಿಂಡಿಯನ್ನು ನೋಡಿ ಪತ್ರೊಡೆಯ ತಂಗಿ ಅಂತ ಘೋಷಿಸಿ ರೆಸಿಪಿ ಬರೆದುಕೊಂಡರು.

ಸಂಜೆ ಕಾರ್ ಪಾರ್ಕಿನಲ್ಲಿ, ಮ್ಯಾನೇಜರ್ ಮೇಡಂ ಅನುಮತಿ ಪಡೆದು, ಕಬ್ಬಿಣದ ಟ್ರೇಯಲ್ಲಿ ನವ್ರೋಜ್ ಬೆಂಕಿ. ಪಕ್ಕದಲ್ಲಿ ನಾಲ್ಕು ಬಕೆಟ್ ನೀರು. ಮಕ್ಕಳು ಹಾರಿದರು, ಬೆರಿವಾನ್ ಆ ಮೊಣಕಾಲಿನಲ್ಲೇ ಹಾರಿದರು, ನಾನು ಪಂಚೆ ಎತ್ತಿ ಕಟ್ಟಿ ಹಾರಿದೆ. ಪಂಚೆಗೆ ಏನೂ ಆಗಲಿಲ್ಲ. ಒಳಗೆ ಡೋಲು ಶುರುವಾಯಿತು. ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿ ಉದ್ದಕ್ಕೆ ನಿಂತು ಕುಣಿಯುವ ಸಾಲು. ಹುಬ್ಬಳ್ಳಿ, ಮಂಗಳೂರು, ಮೈಸೂರು, ಸಿರಿಯಾ ಎಲ್ಲ ಒಂದೇ ಸಾಲಿನಲ್ಲಿ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಗಿರಿಜಾ ಕುಣಿಯುವುದನ್ನು ನೋಡಿ ನನಗೆ ಮನಸ್ಸು ತುಂಬಿ ಬಂತು. ಎಷ್ಟೋ ದಿನವಾಗಿತ್ತು ಅವಳು ಹಾಗೆ ಕುಣಿದು.

ಆ ಉಬ್ಬಿನಲ್ಲೇ ಮೈಕ್ ಹಿಡಿದೆ. ಕನ್ಫರ್ಮ್ ಮಾಡದ ಕಥೆಯನ್ನು ಎಲ್ಲರೆದುರು ಒಪ್ಪಿಕೊಂಡೆ. ಜನ ಬೈಯುವ ಬದಲು ಹೋ ಅಂತ ನಕ್ಕರು. ಧೈರ್ಯ ಬಂತು. "ಈ ವರ್ಷದಿಂದ ನಮ್ಮ ಸಂಘಕ್ಕೂ ಇಬ್ಬರು ಅಧ್ಯಕ್ಷರು. ನಾನು ಮತ್ತು ಗಿರಿಜಾ," ಅಂತ ಘೋಷಿಸಿದೆ. ಚಪ್ಪಾಳೆಯೋ ಚಪ್ಪಾಳೆ.

ಗಿರಿಜಾ ಸ್ಟೇಜಿಗೆ ಬಂದು ಮೈಕ್ ತೆಗೆದುಕೊಂಡಳು. "ನಾ ಒಲ್ಲೆ," ಅಂದಳು.

ಒಮ್ಮೆ ನನ್ನ ಕಡೆ ನೋಡಿ, ಆಮೇಲೆ ಜನರ ಕಡೆ ತಿರುಗಿದಳು.

"ಗಂಡ ಹೆಂಡತಿ ಇಬ್ಬರೂ ಅಧ್ಯಕ್ಷರಾದ್ರ ಅದು ಎರಡು ಸಹಿ ಅಲ್ರೀ, ಒಂದ ಮನಿ. ನಾನು ಚುನಾವಣಿಗೆ ನಿಲ್ಲತೀನಿ. ಆದ್ರ ಇವರ ಜೋಡಿ ಅಲ್ಲ."

ಮುಂದಿನ ಸಾಲಿನಲ್ಲಿ ಅನಘಾ ಬೆರಿವಾನ್ ಕಿವಿಯಲ್ಲಿ ಇದನ್ನೆಲ್ಲ ಇಂಗ್ಲಿಷಿಗೆ ಇಳಿಸುತ್ತಿದ್ದಳು. ಮೊದಲು ಎದ್ದು ನಿಂತು ಚಪ್ಪಾಳೆ ಹೊಡೆದದ್ದು ಬೆರಿವಾನ್. ಆಮೇಲೆ ನಮ್ಮ ಹೆಂಗಸರು. ಆಮೇಲೆ ಎಲ್ಲರೂ.

ಮುಂದಿನ ಭಾನುವಾರ ವಾರ್ಷಿಕ ಸಭೆ. ಇನ್ನು ಮೇಲೆ ಒಬ್ಬ ಗಂಡಸು, ಒಬ್ಬ ಹೆಂಗಸು ಅಧ್ಯಕ್ಷರು ಅಂತ ಅಲ್ಲಿ ತೀರ್ಮಾನವಾಯಿತು. ಅವಿರೋಧ ಅನ್ನುವ ಪದ ಮೊದಲ ಸಲ ಬಳಕೆಯಾಗಲಿಲ್ಲ. ಇಷ್ಟು ವರ್ಷ ಬಾಯಿಬಿಡದೆ ಮೈಕು, ಲೈಟು ನೋಡಿಕೊಂಡು ಬಂದ ಫೆಲ್ಥಮ್‌ನ ಶ್ರೀನಿವಾಸ ಮತ್ತು ಗಿರಿಜಾ, ಇಬ್ಬರೂ ಗೆದ್ದರು. ಶ್ರೀನಿವಾಸನ ಎದುರು ನಾನು ಸೋತೆ. ಗಿರಿಜಾಗೆ ನಾನೇ ಕೈಯೆತ್ತಿದೆ. ಸತ್ಯವಾಗಿ ಹೇಳುತ್ತೇನೆ, ಖುಷಿಯಾಯಿತು. ಮನೆಗೆ ಬರುವಾಗ ಕಾರಿನಲ್ಲಿ ಅವಳು ಸಂಘಕ್ಕೆ ಏನೇನು ಮಾಡಬೇಕು ಅಂತ ಒಂದೇ ಸಮನೆ ಹೇಳುತ್ತಿದ್ದಳು. ನಾನು ಹೂಂ ಅನ್ನುತ್ತ ಓಡಿಸುತ್ತಿದ್ದೆ. ಆದರೆ ಒಂದು ಪ್ರಶ್ನೆ ಅವತ್ತಿನಿಂದ ಕೊರೆಯುತ್ತಿದೆ, ನಿಮ್ಮನ್ನೇ ಕೇಳುತ್ತೇನೆ.

ಅಧಿಕಾರವನ್ನು ಹಂಚಿಬಿಡೋಣ ಅಂತ ಅಷ್ಟು ದೊಡ್ಡ ಮನಸ್ಸಿನಿಂದ ಘೋಷಿಸುವಾಗ, ಅದರಲ್ಲಿ ಒಂದು ಪಾಲು ಹೇಗೂ ನನ್ನದೇ ಅಂತ ನನಗೆ ಹೇಳಿದವರು ಯಾರು?