ಪಥ್ಯ ಬೇಡವೆಂದ ದಿನ

ನನ್ನ ಗಂಡನ ತಲೆಯೊಳಗಿನ ಗಡ್ಡೆಯನ್ನು ಮೈಸೂರಿನಲ್ಲಿ ಆಪರೇಷನ್ ಮಾಡಿ ತೆಗೆದರು. ಆದರೆ ಅದು ಕೆಟ್ಟ ಜಾತಿಯ ಗಡ್ಡೆ, ಬೇರು ಉಳಿದಿರುತ್ತದೆ, ಮತ್ತೆ ಚಿಗುರದ ಹಾಗೆ ಕರೆಂಟು ಕೊಡಬೇಕು ಎಂದರು ಡಾಕ್ಟರು. ರೇಡಿಯೇಷನ್ನಿಗೆ ನಮ್ಮ ಕಡೆ ಕರೆಂಟು ಎನ್ನುವುದೇ ರೂಢಿ. ನಾನು ಕೇಳಿದ ಮೊದಲ ಮಾತು, "ಪಥ್ಯ ಏನು ಸಾರ್?" ಪಥ್ಯ ಹೇಳದ ಡಾಕ್ಟರನ್ನು ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಮಿದುಳಿನ ಊತಕ್ಕೆ ಕೊಡುವ ಮಾತ್ರೆಯಿಂದ ಸಕ್ಕರೆ ಏರುತ್ತದೆ, ಸಿಹಿ ಬೇಡ, ಉಪ್ಪು ಕಮ್ಮಿ ಮಾಡಿ ಎಂದರು. ಅಷ್ಟು ಸಾಕಿತ್ತು ನನಗೆ. ಇವರ ಬಾಯಿ ಕಟ್ಟಿದರೆ ಇವರು ಉಳಿಯುತ್ತಾರೆ ಎಂದು ಗಟ್ಟಿಯಾಗಿ ನಂಬಿಬಿಟ್ಟೆ.

ದಿನಾ ಬೆಳಿಗ್ಗೆ ಹುಣಸೂರಿನಿಂದ ಬಸ್ಸು. ಇವರ ಮುಖದ ಅಳತೆಗೆ ಬಲೆಯಂಥ ಒಂದು ಮುಖವಾಡ ಮಾಡಿದ್ದರು. ತಲೆ ಅಲುಗದಂತೆ ಅದನ್ನು ತೊಡಿಸಿ ಮೇಜಿಗೆ ಬಿಗಿದು, ದಪ್ಪ ಬಾಗಿಲು ಮುಚ್ಚಿ ಎಲ್ಲರೂ ಆಚೆ ಬಂದುಬಿಡುತ್ತಿದ್ದರು. ಒಳಗೆ ಇವರೊಬ್ಬರೇ. ಆ ಬಾಗಿಲು ಕಂಡರೇ ನನಗೆ ಆಗುತ್ತಿರಲಿಲ್ಲ. ಹೊರಗೆ ಬಂದಾಗ ಹಣೆ, ಕೆನ್ನೆಯ ಮೇಲೆಲ್ಲ ಬಲೆಯ ಗುರುತು.

"ಒಳ್ಳೆ ಮೀನು ಇಡ್ದಂಗೆ ಇಡೀತಾರೆ ಕಣೇ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಂದು ದಿನ ಬಸ್ಸಿನಲ್ಲಿ ನೀರಿನ ಬಾಟಲಿ ಇವರ ಎಡಗೈಯಿಂದ ಜಾರಿ ಬಿತ್ತು. ಬಿದ್ದದ್ದು ಇವರಿಗೆ ಗೊತ್ತೇ ಆಗಲಿಲ್ಲ.

ಮಾತ್ರೆಯಿಂದ ಹಾಳು ಹಸಿವು. ಮುಖ ಊದಿ, ಆ ಮುಖವಾಡ ಬಿಗಿಯಾಗಿ ಹೊಸದು ಮಾಡಿಸಬೇಕಾಯಿತು. ಕಟ್ಟೆಮಳಲವಾಡಿಯಿಂದ ನೋಡಲು ಬಂದ ನೆಂಟರು, "ಮೈಕೈ ತುಂಬ್ಕೊಂಡವ್ರೆ ಬುಡವ್ವ, ಇನ್ನೇನು ಭಯ" ಎಂದರು. ಸಪ್ಪೆ ಸಾರು ಕಂಡರೆ ಇವರಿಗೆ ರೇಗುತ್ತಿತ್ತು.

"ಒಂದ್ ಚಿಟಿಕೆ ಉಪ್ಪಾಕಿದ್ರೆ ನಿಮ್ಮಪ್ಪನ ಗಂಟೇನ್ ಓಯ್ತದೆ?"

"ಬದುಕಿದ್ರೆ ಆಮೇಲ್ ಬೈಯೋರಂತೆ, ಈಗ ಉಣ್ಣಿ" ಎನ್ನುತ್ತಿದ್ದೆ.

ಕರೆಂಟು ಮುಗಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದರು. ಡಾಕ್ಟರು ಫಿಲ್ಮನ್ನು ಬಹಳ ಹೊತ್ತು ನೋಡಿದರು, ನಮ್ಮ ಮುಖ ನೋಡಲಿಲ್ಲ. ಮುಂದಿನ ಸಲ ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ ಎಂದರು. ನಾನು ಎಂದಿನಂತೆ ಪಥ್ಯ ಕೇಳಿದೆ.

"ಇನ್ನು ಪಥ್ಯ ಬೇಡಮ್ಮ. ಅವರಿಗೆ ಏನಿಷ್ಟವೋ ಅದನ್ನು ಕೊಡಿ."

ಅಯ್ಯೋ, ಆಗ ನನಗಾದ ಖುಷಿ! ಹುಣಸೂರಿನಲ್ಲಿ ಇಳಿದು ಮೈಸೂರುಪಾಕು ಕಟ್ಟಿಸಿಕೊಂಡೆ. ಮನೆಯಲ್ಲಿ ತಟ್ಟೆಗೆ ಹಾಕಿ ಇವರ ಕೈಗೆ ಕೊಟ್ಟು ಹೊರಗೆ ಓಡಿದೆ. ಅತ್ತೆ ಜಗಲಿಯಲ್ಲಿ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು.

"ಅತ್ತೆ, ಪಥ್ಯ ಬುಟ್ಬುಟ್ರು! ಏನ್ ಬೇಕಾದ್ರೂ ತಿನ್ಬೋದಂತೆ!"

ಅವರ ಕೈ ನಿಂತಿತು.

"ಡಾಕ್ಟ್ರೇ ಅಂದ್ರಾ?"

"ಊಂ. ಒಳ್ಳೇ ಸುದ್ದಿ ತಂದ್ರೆ ಇದ್ಯಾಕೆ ಇಂಗ್ ಮುಖ ಮಾಡ್ಕೊಂಡ್ರಿ?" ಎಂದು ರೇಗಿದೆ.

ಅತ್ತೆ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮಗನಿಗೆ ಕೇಳಬಾರದೆಂದು ಮೆಲ್ಲಗೆ ಹೇಳಿದರು.

"ನಿಮ್ಮಾವಂಗೂ ಕೊನೇಲಿ ಇಂಗೇ ಅಂದಿದ್ರು ಕಣವ್ವ. ಏನ್ ಆಸೆ ಪಡ್ತಾರೋ ಕೊಡ್ರಿ ಅಂತ."

ಒಳಗಿನಿಂದ ಇವರು, "ಇನ್ನೊಂದ್ ತತ್ತಾರೇ" ಎಂದು ಕೂಗಿದರು. ಎದ್ದು ಹೋಗಿ ಕೊಟ್ಟೆ.