ಹಿಂದಿನ ಮೆಟ್ಟಿಲು ಬರೆದ ರತ್ನವ್ವ

“ನನ್ನ ಮನೀಗೆ ನಾ ಯಾವ ದಾರೀಲೆ ಬರ್ಲಿ?”

ಕೇಳುತ್ತಿರುವವರು ರತ್ನವ್ವ. ಅಡುಗೆಮನೆಯಲ್ಲಿ ಅವರೊಬ್ಬರೇ ಇದ್ದಾರೆ. ಅವರ ಬಗ್ಗೆ ಬರೆಯಲು ಬಂದು ಹೊಸ್ತಿಲಾಚೆ ಕುಳಿತ ನನ್ನನ್ನು ಆಗಲೇ ಮರೆತಿದ್ದಾರೆ. ಜಾಲಹಳ್ಳಿ ಹತ್ತಿರದ ಸಿಂಗಾಪುರದ ಈ ಮೂರಂತಸ್ತಿನ ಕಟ್ಟಡದ ಮೇಲೆ ಬೆಳಕು ಈಗಷ್ಟೇ ಮೂಡುತ್ತಿದೆ. ಹಲಗೆಯ ಮೇಲೆ ಜೋಳದ ಹಿಟ್ಟಿನ ಉಂಡೆ ಅಂಗೈಯ ಬಡಿತಕ್ಕೆ ಅಗಲವಾಗುತ್ತಿದೆ. ಅದೇ ಪ್ರಶ್ನೆಯನ್ನು ಅವರು ಮತ್ತೆ ಕೇಳುತ್ತಾರೆ, ಈ ಸಲ ಸಿಟ್ಟಿನಿಂದ. ರೊಟ್ಟಿ ಹಂಚಿಗೆ ಬೀಳುತ್ತದೆ. ಒದ್ದೆ ಬಟ್ಟೆಯಿಂದ ಅದರ ಮೇಲೆ ನೀರು ಸವರುತ್ತ ಮೂರನೆಯ ಸಲ ಕೇಳುತ್ತಾರೆ. ಈಗ ದನಿಯಲ್ಲಿ ಸಿಟ್ಟಿಲ್ಲ, ದಾರಿ ತಪ್ಪಿದ ಮಗುವಿನ ದನಿ ಅದು. ಕಾವ್ಯ ಓದುವುದನ್ನು ಕೇಳುತ್ತ ಬೆಳೆದವರು ಸಾಲು ಮುಗಿಯುವ ತನಕ ಮಿಸುಕುವುದಿಲ್ಲ. ನಾನೂ ಹಾಗೇ ಕೂತಿದ್ದೇನೆ.

“ಹಾಂ, ಇದ ಸರಿ ಆತು,” ಎಂದು ರತ್ನವ್ವ ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ದಿನಕ್ಕೆ ನೂರಕ್ಕೂ ಹೆಚ್ಚು ರೊಟ್ಟಿ ಬಡಿಯುವ ಈ ಹೆಂಗಸು ನಾಟಕ ಬರೆಯುತ್ತಾರೆ. ಬರೆಯುವುದಕ್ಕಿಂತ ಮೊದಲು ಬಡಿಯುತ್ತಾರೆ ಎನ್ನಬೇಕು. ಮಾತು ಹುಟ್ಟುವುದು ಹಂಚಿನ ಮುಂದೆ. ಕಾಗದಕ್ಕೆ ಇಳಿಯುವುದು ಮಧ್ಯಾಹ್ನ, ಕೈ ತೊಳೆದ ಮೇಲೆ. “ರೊಟ್ಟಿ ತಿರುವಿ ಹಾಕೂದ್ರಾಗ ಮಾತು ಮುಗೀಬೇಕ್ರಿ. ಉದ್ದ ಆತಂದ್ರ ರೊಟ್ಟಿನೂ ಸೀಯತೈತಿ, ಮಾತೂ ಸೀಯತೈತಿ.”

ಊರು ಬಾಗಲಕೋಟೆ ಕಡೆ. ಓದು ಏಳನೆಯ ತರಗತಿಗೆ ನಿಂತಿತು. ಗಂಡ ಫಕೀರಪ್ಪನವರಿಗೆ ಜಾಲಹಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ. ಕೆಲಸಕ್ಕೆ ಹೋಗುವ ದಾರಿಯಲ್ಲೇ ಖಾನಾವಳಿಗಳಿಗೆ ರೊಟ್ಟಿ ಮುಟ್ಟಿಸುತ್ತಾರೆ. ನಾಟಕದ ದಿನ ಪರದೆಯ ಮರೆಯಲ್ಲಿ ನಿಂತು ಮಾತು ಮರೆತವರಿಗೆ ಎತ್ತಿಕೊಡುವವರೂ ಅವರೇ. “ಮನ್ಯಾಗ ನನಗ ಮಾತಾಡಾಕ ಅವಕಾಶ ಇಲ್ರಿ. ಅದಕ್ಕ ಅಲ್ಲಿ ಪಿಸುಪಿಸು ಅಂತೇನಿ,” ಎಂದು ನಗುತ್ತಾರೆ.

ರತ್ನವ್ವನ ತಂದೆ ಊರಿನ ಆಟದಲ್ಲಿ ರಾಜನ ಪಾತ್ರ ಕಟ್ಟುತ್ತಿದ್ದರು. ಕಿರೀಟವಿಟ್ಟು ಕುಣಿದರೆ ಊರ ಗೌಡರೇ ಎದ್ದು ಕೈಮುಗಿಯುತ್ತಿದ್ದರಂತೆ. “ಮುಂಜಾನೆ ಅದ ಅಪ್ಪಗ ಹೋಟೆಲ್ಲಿನ ಹೊರಗ, ಗ್ವಾಡಿ ಮ್ಯಾಲಿನ ಬ್ಯಾರೆ ಬಸಿಯೊಳಗ ಚಹಾ. ಕುಡದು ತಾನ ತೊಳದಿಡಬೇಕು. ಗಲ್ಲದ ಮ್ಯಾಲಿನ ಬಣ್ಣ ಇನ್ನೂ ಹೋಗಿರತಿದ್ದಿಲ್ಲ. ‘ಅಪ್ಪಾ, ರಾಜಾಗೂ ಹೊರಗನ ಏನು?’ ಅಂತ ಕೇಳಿದ್ದೆ. ಅಪ್ಪ ಬಸಿ ತೊಳದು ಗ್ವಾಡಿ ಮ್ಯಾಲಿಟ್ಟ.”

ಮೊದಲ ನಾಟಕ ತವರಿನದು. ತಂಗಿಗೆ ಅರಿಶಿನ ಕುಂಕುಮ ಕೊಟ್ಟು, ಆಸ್ತಿಯ ಪಾಲು ಬೇಡವೆಂದು ಸಹಿ ಹಾಕಿಸಿಕೊಳ್ಳುವ ಅಣ್ಣಂದಿರ ಕತೆ. ಎರಡನೆಯದು ಅಪ್ಪನ ಬಸಿಯದು. ಎರಡರಲ್ಲೂ ಒಂದೇ ಪದ್ಧತಿ: ಬದುಕಿನಲ್ಲಿ ಬಾಗಿಲೊಳಗೆ ಇರುವವರಿಗೆ ಹೊರಗೆ ನಿಲ್ಲುವ ಪಾತ್ರ, ಹೊರಗೆ ನಿಂತವರಿಗೆ ಬಾಗಿಲು ಹಾಕುವ ಪಾತ್ರ. ಆಡುವವರೆಲ್ಲ ನೆರೆಹೊರೆಯವರು. ಈ ಕಟ್ಟಳೆ ಒಪ್ಪಿದವರಿಗಷ್ಟೇ ಪಾತ್ರ.

ಈಗಿನದು ಮೂರನೆಯ ನಾಟಕ, ‘ಹಿಂದಿನ ಮೆಟ್ಟಿಲು’. ಎರಡು ವರ್ಷದ ಹಿಂದೆ ಇದೇ ಕಟ್ಟಡದ ಮೇಲಿನ ಮನೆಗೆ ನೀಮಾ ಎಂಬ ಹುಡುಗಿ ಬಾಡಿಗೆಗೆ ಬಂದಳು. ತಾಂಜಾನಿಯಾದವಳು, ಇಲ್ಲಿ ಕಾಲೇಜು ಓದುತ್ತಿದ್ದಳು. ಮಾಲೀಕ ಶ್ರೀರಾಮಪ್ಪನವರು ಮನೆ ಕೊಟ್ಟರು, ಜೊತೆಗೊಂದು ಷರತ್ತನ್ನೂ ಹಾಕಿದರು. ಮುಂದಿನ ಮೆಟ್ಟಿಲು ಬಳಸುವಂತಿಲ್ಲ, ಹಿಂದಿನ ಕಬ್ಬಿಣದ ಮೆಟ್ಟಿಲಲ್ಲೇ ಹತ್ತಿಳಿಯಬೇಕು. ಭಾನುವಾರ ಅವಳು ರತ್ನವ್ವನ ಒಲೆಯ ಪಕ್ಕ ಕೂರುತ್ತಿದ್ದಳು. ತನ್ನವ್ವನೂ ಮೆಕ್ಕೆಜೋಳದ ಹಿಟ್ಟಿನಲ್ಲಿ ಮುದ್ದೆ ಮಾಡುತ್ತಾಳೆ ಎಂದು ಕೈಸನ್ನೆಯಲ್ಲಿ ತೋರಿಸುತ್ತಿದ್ದಳು. ಒಂದು ದಿನ ಮಳೆಯಲ್ಲಿ ಕಬ್ಬಿಣ ಜಾರುತ್ತದೆಂದು ಮುಂದಿನ ಮೆಟ್ಟಿಲು ಹತ್ತಿದಳು. ಆ ವಾರವೇ ಮನೆ ಖಾಲಿ ಮಾಡಿಸಿದರು. ಎಲ್ಲಿಗೆ ಹೋದಳೋ ತಿಳಿಯದು. ಅವಳ ಫೋನ್ ನಂಬರ್ ಈಗ ಚಾಲ್ತಿಯಲ್ಲಿಲ್ಲ.

ನಾಟಕದಲ್ಲಿ ಒಂದು ಮಾತಿದೆ: ‘ಮುದ್ದೆ ಉಣ್ಣೋರ ಮನ್ಯಾಗ, ಮುದ್ದೆ ಉಣ್ಣಾಕಿಗೆ ಮುಂದಿನ ಮೆಟ್ಟಲ ಇಲ್ಲ.’ ಒಂದು ರೊಟ್ಟಿ ಬೇಯುವಷ್ಟರಲ್ಲಿ ಹುಟ್ಟಿದ ಮಾತಿದು.

ನೀಮಾಳ ಪಾತ್ರ ಯಾರದು? ಶ್ರೀರಾಮಪ್ಪನವರದೇ! ಹೆಸರು ಬದಲಿಸಿಲ್ಲ, ಸೀರೆ ಉಡಿಸಿಲ್ಲ. ಪಂಚೆಯಲ್ಲೇ ನಿಂತು “ನನ್ನ ಹೆಸರು ನೀಮಾ” ಎನ್ನುತ್ತಾರೆ. ಎಳೆಯ ಪ್ರಾಯದಲ್ಲಿ ಊರ ನಾಟಕಕ್ಕೆ ಬಣ್ಣ ಹಚ್ಚಿದ ಮನುಷ್ಯ. ತಾಲೀಮಿನ ಸದ್ದು ಕೇಳಿ, ಕತೆ ಯಾವುದೆಂದು ವಿಚಾರಿಸದೆ, “ನಂಗೂ ಒಂದ್ ಪಾರ್ಟ್ ಕೊಡಮ್ಮ” ಎಂದು ತಾವೇ ತಾರಸಿಗೆ ಹತ್ತಿ ಬಂದರು. ಕಟ್ಟಳೆಗೆ ಹೂಂ ಎಂದರು. ಕಬ್ಬಿಣದ ಮೆಟ್ಟಿಲಿನ ಪ್ರಸಂಗ ಬಂದ ದಿನ ಎದ್ದು ಹೋದರು. ವಾರ ಕಳೆದು ಮತ್ತೆ ಬಂದು, “ಮುಂದೇನೈತೆ ಏಳು” ಎಂದರು.

ನಾಳೆ ಭಾನುವಾರ, ಸಮುದಾಯ ಭವನದಲ್ಲಿ ಆಟ. ಸಂಜೆ ರತ್ನವ್ವ, ಕೆಲಸ ಮುಗಿಸಿ ಬಂದ ಗಂಡನೊಂದಿಗೆ, ಕಡೆಯ ತಾಲೀಮಿಗೆ ತಾರಸಿ ಹತ್ತುತ್ತಾರೆ. ಮಾಲೀಕನ ಪಾತ್ರ ಮಾಡುವ ಪ್ರತಿಭಾ ಅಲ್ಲಿ ಕಾಯುತ್ತಿದ್ದಾಳೆ. ಮೈಬಣ್ಣದ ಕಾರಣಕ್ಕೆ ಎರಡು ಕಡೆ ಬಾಡಿಗೆ ಮನೆ ಕೈತಪ್ಪಿದ ಆಫೀಸು ಹುಡುಗಿ. “ಏನ್ ಸಾರ್, ಬಾಡಿಗೆ ಟೈಮಿಗೆ ಕೊಡ್ತೀರಾ? ಗೇಟ್ ಹೊರಗೆ ನಿಂತ್ಕೊಳಿ ಮೊದ್ಲು,” ಎಂದು ಶ್ರೀರಾಮಪ್ಪನವರನ್ನು ಛೇಡಿಸುತ್ತಾಳೆ.

“ನಿಲ್ತೀನಿ ಕಣವ್ವ. ಅದ್ಕೇ ತಾನೆ ಬಂದಿರೋದು,” ಎನ್ನುತ್ತಾರೆ ಅವರು.

ತಾಲೀಮು ಶುರುವಾಗುತ್ತದೆ. ಆ ಹಿರಿಯರು ಪೆಟ್ಟಿಗೆ ಹೊತ್ತು ಇಳಿಯುವುದನ್ನು ನೋಡುತ್ತ ಪ್ರತಿಭಾ ಬಾಗಿಲು ಹಾಕುವಲ್ಲಿಗೆ ನಾಟಕ ಮುಗಿಯುತ್ತದೆ. ಶ್ರೀರಾಮಪ್ಪನವರು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ.

“ರತ್ನವ್ವ, ಕೊನೇಗ್ ಒಂದ್ ಮಾತ್ ಸೇರ್ಸಮ್ಮ. ಓನರ್ರು ತಪ್ಪಾಯ್ತು ಅನ್ಲಿ. ನಾನು, ಅಂದ್ರೆ ಆ ಉಡುಗಿ, ‘ಇರ್ಲಿ ಬಿಡಿ, ಮನಸ್ನಾಗೇನಿಲ್ಲ’ ಅಂತೀನಿ. ಅಷ್ಟೆ.”

“ಆಕಿ ಹಂಗ ಅಂದಿಲ್ರಿ.”

“ಅಂದಂಗೆ ಬರಿ. ನಾಟ್ಕ ತಾನೆ? ನನ್ ಎಂಡ್ತಿ, ಮಕ್ಳು, ಬೀಗ್ರು ಎಲ್ಲಾ ಬತ್ತಾರೆ. ಅವ್ರ್ ಮುಂದೆ ಇಂಗೇ ಬುಟ್ಬುಟ್ರೆ ಎಂಗೆ?”

“ತಪ್ಪಾತು ಅನ್ನೂದು ನಿಮ್ಮದು. ಅದನ್ನ ಆಕೀನ ಹುಡುಕಿ ಹೇಳ್ರಿ.”

“ಎಲ್ ಉಡುಕ್ಲಿ?” ಶ್ರೀರಾಮಪ್ಪನವರ ದನಿ ಒಡೆಯುತ್ತದೆ. ಆಮೇಲೆ ಗಟ್ಟಿಯಾಗುತ್ತದೆ. “ಆ ಮಾತಿಲ್ದಿದ್ರೆ ನಾಳೆ ನಾನ್ ಸ್ಟೇಜ್ ಅತ್ತಲ್ಲ, ಈಗ್ಲೇ ಏಳಿವ್ನಿ.”

ಅವರಿಲ್ಲದೆ ಆಟವಿಲ್ಲ. ರತ್ನವ್ವನ ಮನೆಯ ಬಾಡಿಗೆ ಕರಾರೂ ಬರುವ ತಿಂಗಳು ಮುಗಿಯುತ್ತದೆ. ಫಕೀರಪ್ಪ ಹೆಂಡತಿಯ ಹತ್ತಿರ ಸರಿದು, “ಒಂದ ಮಾತಲ್ಲೇನ, ಹಾಕಿ ಬಿಡು,” ಎಂದು ಮೆಲ್ಲಗೆ ಹೇಳುತ್ತಾರೆ.

ರತ್ನವ್ವ ಗಂಡನ ಕಡೆ ನೋಡುವುದಿಲ್ಲ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಶ್ರೀರಾಮಪ್ಪನವರ ಎದುರಿಗೇ ನಿಲ್ಲುತ್ತಾರೆ.

“ನೀವು ಬರ್ರಿ, ಬಿಡ್ರಿ. ಮನಿ ಬಿಡು ಅಂದ್ರ ಬಿಡತೇವಿ. ಮಾಫಿ ಕೊಡೂದು ಆಕೀದು. ಆಕಿ ಕೊಡದ ಮಾಫಿ ನಿಮ್ಮ ಬಾಯಾಗ ನಾ ಹಾಕಂಗಿಲ್ರಿ.”